ಚಿನ್ನದ ಕಣಗಳೂ ನನ್ನ ಮಿಮಿಕ್ರಿಯೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಲಬುರಗಿಯ ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕದಲ್ಲಿ ‘ಎಲ್ಲ ಕಣಗಳಿಗೂ ಪ್ರತಿಕಾಯ ಅಂಟಿದೆ’ ಎಂದು ಬರೆದ ಪುಣ್ಯಾತ್ಮ ನಾನೇ. ನಾನು ನೋಡಿದ್ದು ಕಣಗಳನ್ನಲ್ಲ, ಬಾಟಲಿಯನ್ನು. ಉಪ್ಪುನೀರು ಬಿದ್ದರೆ ಬರಿಮೈಯ ಚಿನ್ನದ ಕಣಗಳು ಒಂದಕ್ಕೊಂದು ಅಂಟಿಕೊಂಡು ದ್ರಾವಣ ನೀಲಿಯಾಗುತ್ತದೆ. ನಮ್ಮದು ದಾಳಿಂಬೆ ರಸದಂತೆ ಕೆಂಪಾಗಿಯೇ ಉಳಿಯಿತು. ಕೆಲಸ ಮುಗಿಯಿತೆಂದು ಚಹಾಕ್ಕೆ ಹೋದೆ.

ಆ ಕಣಗಳು ಅಕ್ಕನವು. ಒಡಹುಟ್ಟಿದವಳಲ್ಲ, ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ಪಿಎಚ್‌ಡಿ ಮಾಡುವ ಹಿರಿಯಳು. ಅವಳು ತರುವ ಊರಿನ ಕೆಂಪು ಬಾಳೆಹಣ್ಣು ತಿಂದು ಅವಳನ್ನೇ ಅಣಕಿಸುವುದು ನನ್ನ ಕಸುಬು. ರಕ್ತದ ಹನಿಯಲ್ಲಿ ರೋಗ ಪತ್ತೆಹಚ್ಚುವ ಕಾಗದದ ಪಟ್ಟಿಗೆ ಆ ಕಣಗಳನ್ನು ಹಾಕಬೇಕಿತ್ತು, ರೋಗದ ಗುರುತನ್ನು ಹಿಡಿದು ಗೆರೆ ಮೂಡಿಸುವುದು ಕಣಕ್ಕೆ ಅಂಟಿದ ಪ್ರತಿಕಾಯವೇ; ಅದೇ ಅವಳ ಕೊನೆಯ ಅಧ್ಯಾಯ. ಹಾಕಿದಳು. ಗೆರೆ ಮೂಡಿತು, ಪರೀಕ್ಷೆಯಲ್ಲಿ ನಾನು ಬರೆಯುತ್ತಿದ್ದ ಉತ್ತರದಷ್ಟೇ ಮಸುಕಾಗಿ. ಶನಿವಾರದೊಳಗೆ ಕೊಡದಿದ್ದರೆ ಗೈಡ್ ಸಹಿ ಹಾಕುವುದಿಲ್ಲ ಎಂದಿದ್ದರು.

ಅಕ್ಕ ಬೈಯಲಿಲ್ಲ. ಪ್ರತಿಕಾಯ ಇದ್ದಲ್ಲಿ ಮಾತ್ರ ಹೊಳೆಯುವ ಬಣ್ಣ ಬೆರೆಸಿ, ಕಣಗಳನ್ನು ಗಾಜಿನ ಮೇಲೆ ಚದುರಿಸಿ, ಸೂಕ್ಷ್ಮದರ್ಶಕದ ಮುಂದೆ ಕೂತಳು. ಕಪ್ಪು ಪರದೆಯ ತುಂಬ ಚುಕ್ಕಿಗಳು, ಒಂದೊಂದು ಚುಕ್ಕಿಯೂ ಒಂದು ಕಣ. ಒಂದೊಂದನ್ನೂ ಗುರುತು ಮಾಡಿ, ಅದರ ಮೇಲೆ ಬಣ್ಣ ಹೊಳೆಯಿತೋ ಇಲ್ಲವೋ, ಹೊಳೆದರೆ ಎಷ್ಟು ಎಂದು ಬರೆದಳು. ಗಾಜು ಕೂದಲೆಳೆಯಷ್ಟು ಸರಿದರೂ ಮತ್ತೆ ಮೊದಲಿನಿಂದ. ಊಟವಾದ ಮೇಲಿನ ತನ್ನ ಕಣ್ಣನ್ನೂ ನಂಬದೆ, ಬೆಳಗಿನ ಚುಕ್ಕಿಗಳನ್ನು ಇನ್ನೊಮ್ಮೆ ನೋಡುತ್ತಿದ್ದಳು. ಅಷ್ಟು ತಾಳ್ಮೆ ನನಗೆ ಕನ್ನಡಿಯ ಮುಂದೆಯೂ ಇಲ್ಲ.

ಕೆಲವು ಕಣಗಳು ಮೈತುಂಬ ಪ್ರತಿಕಾಯ ಹೊದ್ದಿದ್ದವು, ಕೆಲವಕ್ಕೆ ಚೂರುಪಾರು, ಎಷ್ಟೋ ಕಣಗಳಿಗೆ ಏನೂ ಇರಲಿಲ್ಲ. ಖಾಲಿ ಜಾಗ ಮುಚ್ಚಲು ಹಚ್ಚಿದ್ದ ಇನ್ನೊಂದು ಪ್ರೋಟೀನು ಅವನ್ನು ಉಪ್ಪಿನಿಂದ ಕಾಪಾಡಿತ್ತು. ಬಾಟಲಿಯ ಕೆಂಪು ನನಗೆ ಇದನ್ನು ಹೇಳಿರಲೇ ಇಲ್ಲ.

ನಮ್ಮ ಲ್ಯಾಬಿನ ಹತ್ತೂ ಜನರ ದನಿ ನನ್ನ ಗಂಟಲಲ್ಲಿದೆ. ಅಕ್ಕನ ದನಿಯಲ್ಲಿ ‘ಇದು ಹೊಳೀತು, ಇದು ಹೊಳೀಲಿಲ್ಲ’ ಎಂದು ಅಣಕಿಸಿದೆ; ಕಣ್ಣೆತ್ತದೆಯೇ ನಕ್ಕಳು. ಶುಕ್ರವಾರ ಇನ್ನೂ ಅರ್ಧ ಗಾಜು ಬಾಕಿಯಿತ್ತು. ಗೈಡ್‌ರ ಕೆಮ್ಮನ್ನೂ ಸೇರಿಸಿ ಅವರ ದನಿಯಲ್ಲೇ ಹೇಳಿದೆ: “ಸರಾಸರಿ ಬರ್ದು ಕೊಡ್ರಿ, ಸಾಕು.” ನಿಜವಾದ ಗೈಡ್ ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿರಲಿಲ್ಲ.

ಅವರು ಗಡುವನ್ನು ಒಂದು ವಾರ ಮುಂದೂಡಿದ್ದು, ನಾನು ದಾಖಲೆ ಪುಸ್ತಕದ ಆ ಸಾಲನ್ನು ನನ್ನ ಕೈಯಾರೆ ಹೊಡೆದುಹಾಕಿದ್ದು, ಎರಡೂ ಆಗ ಅಕ್ಕ ತಿರುಗಿ ಹೇಳಿದ ಮಾತಿಗೆ:

“ತಮ್ಮಾ, ನಮ್ಮ ಹತ್ತೂ ಮಂದೀದು ಸರಾಸರಿ ದನಿ ಒಂದು ತಗದು ತೋರಸು. ಆಮ್ಯಾಲ ನಾ ಸರಾಸರಿ ಬರೀತೀನಿ.”