ಕಾರು ಬಿಟ್ಟು ಬಸ್ಸು ಹತ್ತಿದ್ದು

ಅಂಗಳದಲ್ಲಿ ಕಾರು ನಿಂತಿರುವಾಗ ಹೆಂಡತಿ ಬಸ್ಸಿಗೆ ಹೋದರೆ ಗಂಡನ ಮರ್ಯಾದೆ ಹೋಗುತ್ತದಂತೆ. ಹೋದರೆ ಹೋಗಲಿ ಅಂತ ನಾನು ಹೋದೆ. ಇವತ್ತಿಗೂ ಆ ವಿಷಯ ಎತ್ತಿದರೆ ನಮ್ಮನೆಯವರು ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ನಮ್ಮದು ಜಾವಳಿ ಕಡೆ ಒಂದು ಸಣ್ಣ ಕಾಫಿ ತೋಟ. ನನ್ನ ಒಬ್ಬಳೇ ಅಕ್ಕನನ್ನು ಕೊಟ್ಟಿದ್ದು ಹೊರನಾಡಿನ ಹತ್ತಿರ. ಕೊರೊನಾಕ್ಕೆ ಮುಂಚೆ ಅಕ್ಕನನ್ನು ನೋಡಬೇಕು ಅನ್ನಿಸಿದರೆ ನಾನು ಯಾರನ್ನೂ ಕೇಳುತ್ತಿರಲಿಲ್ಲ. ಬೆಳಗಿನ ತಿಂಡಿ ಮುಗಿಸಿ, ಸೀರೆ ಉಟ್ಟು, ಕ್ರಾಸಿಗೆ ಹೋಗಿ ನಿಂತರೆ ಆಯಿತು. ಬೆಳಗಿನ ಬಸ್ಸಿಗೆ ಹೋದವಳಿಗೆ ವಾಪಸ್ ಬಸ್ಸು ಸಂಜೆಗೇ. ಅಲ್ಲಿಯವರೆಗೂ ನಾವಿಬ್ಬರೇ. ಇಷ್ಟು ತಡ ಯಾಕೆ ಅಂತ ಯಾರಾದರೂ ಕೇಳಿದರೆ "ಬಸ್ಸಿರಲಿಲ್ಲ" ಅಂದುಬಿಟ್ಟರೆ ಮುಗಿಯಿತು. ಹಿತ್ತಲಲ್ಲಿ ಕೂತು ನಮ್ಮ ಅತ್ತೆಯಂದಿರನ್ನು, ನಾದಿನಿಯರನ್ನು, ಕೊನೆಗೆ ಗಂಡಂದಿರನ್ನೂ ಒಂದು ಸುತ್ತು ಬೈದು ಮುಗಿಸುವಷ್ಟು ಪುರುಸೊತ್ತು ನಮಗಿರುತ್ತಿತ್ತು.

ಆಮೇಲೆ ಬಂತಲ್ಲ ಆ ಹಾಳು ಕಾಯಿಲೆ. ಬಸ್ಸು ನಿಂತಿತು. ಲಾಕ್‌ಡೌನ್ ನಡುವೆಯೇ ಭಾವ ಹೋಗಿಬಿಟ್ಟರು. ಎದೆನೋವು ಅಂತ ಮಲಗಿದವರು ಮತ್ತೆ ಏಳಲಿಲ್ಲ. ಪಕ್ಕದ ಮನೆಯವರ ಪಿಕಪ್ಪಿನಲ್ಲಿ ಹೊರಟೆವು, ಪಾಸಿಲ್ಲ ಅಂತ ಪೊಲೀಸರು ದಾರಿಯಲ್ಲೇ ತಡೆದು ವಾಪಸ್ ಕಳಿಸಿದರು. ಒಡಹುಟ್ಟಿದವಳ ಗಂಡನ ಮಣ್ಣಿಗೆ ಹೋಗಲಿಕ್ಕೆ ಆಗಲಿಲ್ಲ. ಮೊಬೈಲಿನಲ್ಲಿ ನೋಡಿದೆ, ಅದೂ ಸಿಗ್ನಲ್ ಬಂದು ಹೋಗಿ, ಬಂದು ಹೋಗಿ. ಥೂ, ಅಂಥಾ ದಿನ ಶತ್ರುವಿಗೂ ಬೇಡ.

"ಇನ್ನು ಯಾರ ಕೈಕಾಲು ಹಿಡಿಯೋದೂ ಬೇಡ" ಅಂತ ನಮ್ಮನೆಯವರು ಆಮೇಲೆ ಗೋಣಿಬೀಡಿನಲ್ಲಿ ಒಂದು ಹಳೇ ಕಾರು ತಗೊಂಡರು. ಊರಿನಲ್ಲಿ ಎಲ್ಲರದ್ದೂ ಅದೇ ಕತೆ. ಕೆಲವರಿಗೆ ಕಾರು ಬಂತು, ಮಿಕ್ಕವರಿಗೆ ಸ್ಕೂಟರು. ಬಸ್ಸಿನಲ್ಲಿ ಯಾರು ಎಲ್ಲಿ ಕೆಮ್ಮಿರುತ್ತಾರೋ ಅನ್ನುವ ಹೆದರಿಕೆ. ಹೆದರಿಕೆ ಹೋಯಿತು, ಅಭ್ಯಾಸ ಮಾತ್ರ ಹೋಗಲಿಲ್ಲ. ಮೊದಮೊದಲು ನನಗೂ ಖುಷಿಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಕಾರಿನಲ್ಲಿ ಹೋದರೆ ಅಕ್ಕನ ಮನೆಯಲ್ಲಿ ಕೂರುವ ಹಾಗಿಲ್ಲ ಮಾರಾಯ್ರೆ! ಕಾಫಿ ಕುಡಿದ ಲೋಟ ಕೆಳಗಿಡುವುದರೊಳಗೆ ನಮ್ಮನೆಯವರು ಜಗಲಿಯಲ್ಲಿ ಎದ್ದು ನಿಂತಿರುತ್ತಿದ್ದರು, ಬೆರಳಿಗೆ ಕೀ ಸಿಕ್ಕಿಸಿಕೊಂಡು ತಿರುಗಿಸುತ್ತಾ. ತೋಟದಲ್ಲಿ ಆಳುಗಳಿದ್ದಾರೆ ಅನ್ನುತ್ತಿದ್ದರು. ಆಳಿಲ್ಲದ ದಿನ ದಾರಿಯಲ್ಲಿ ಆನೆ ಇದೆಯಂತೆ ಅನ್ನುತ್ತಿದ್ದರು. ಮಧ್ಯಾಹ್ನದ ಬಿಸಿಲಲ್ಲಿ ಯಾವ ಆನೆಯೋ! ಅಕ್ಕ ಏನೋ ಹೇಳಲಿಕ್ಕೆ ಬಾಯಿ ತೆಗೆಯುವಳು, ಜಗಲಿಯಿಂದ ಕೆಮ್ಮು ಕೇಳುವುದು, ಅಕ್ಕ ಸುಮ್ಮನಾಗುವಳು. ಭಾವ ಹೋದಮೇಲೆ ನಾವಿಬ್ಬರೂ ಒಂದು ಸಲವೂ ಸರಿಯಾಗಿ ಕೂತು ಮಾತಾಡಿರಲಿಲ್ಲ.

ಒಂದು ಸಲ ಹೊರಟಾಗ ಅಕ್ಕ ಕಾರಿನ ಕಿಟಕಿಯವರೆಗೂ ಬಂದಳು. "ನಿನ್ನ ಹತ್ರ ಒಂದು ಮಾತಾಡ್ಬೇಕಿತ್ತು ಕಣೆ" ಅಂದಳು. ಪಕ್ಕದಲ್ಲಿದ್ದ ನಮ್ಮನೆಯವರನ್ನು ನೋಡಿ, "ಇರ್ಲಿ ಬಿಡು, ಮುಂದಿನ ಸಲ" ಅಂತ ಹಿಂದೆ ಸರಿದಳು. ಕಾರು ಹೊರಟೇಬಿಟ್ಟಿತು. ಮನೆಗೆ ಬಂದರೂ ಅವಳ ಆ ಮುಖ ಕಣ್ಣೆದುರಿನಿಂದ ಹೋಗಲಿಲ್ಲ.

ಮಾರನೇ ದಿನ ಬೆಳಗ್ಗೆ, "ಅಕ್ಕನ ಮನೆಗೆ ಹೋಗ್ತೀನಿ, ಬಸ್ಸಿಗೆ" ಅಂದೆ.

"ನಿನ್ನೆ ಹೋಗಿ ಬಂದಿದ್ದಲ್ವಾ? ತಲೆ ಕೆಟ್ಟಿದ್ಯಾ ನಿಂಗೆ? ಮನೇಲಿ ಕಾರು ಇಟ್ಕೊಂಡು ಬಸ್ಸಿಗೆ ಹೋದ್ರೆ ಜನ ಏನಂತಾರೆ? ಗಂಡ ಹೆಂಡ್ತಿ ಜಗಳ ಅಂತಾರೆ."

"ಅನ್ಲಿ ಬಿಡಿ. ಈಗ ಜಗಳವೇ ತಾನೆ ಆಗ್ತಿರೋದು?"

ಕ್ರಾಸಿನಲ್ಲಿ ನಿಂತೆ. ಒಂಟಿ ಗೂಬೆಯ ಹಾಗೆ ನಾನೊಬ್ಬಳೇ. ಹೋಗುವ ಬರುವ ಸ್ಕೂಟರುಗಳೆಲ್ಲ ನಿಂತು "ಹತ್ಕೊಳಿ ಅಕ್ಕಾ, ಬಿಡ್ತೀವಿ" ಅನ್ನುವವೇ. ಬೇಡ, ಬಸ್ಸಿಗೆ ಹೋಗುತ್ತೇನೆ ಅಂದರೆ, ಯಾಕೆ, ಕಾರು ಕೆಟ್ಟಿದೆಯಾ ಅನ್ನುವವು. ಹೇಳಿ ಹೇಳಿ ನನಗೆ ರೇಗಿಹೋಯಿತು. ಅಷ್ಟರಲ್ಲಿ ಬಸ್ಸು ಬಂತು, ಅರ್ಧ ಸೀಟೂ ತುಂಬಿರಲಿಲ್ಲ. ಕಿಟಕಿ ಪಕ್ಕ ಕೂತು ಟಿಕೆಟ್ ತಗೊಂಡೆ.

ಸ್ವಲ್ಪ ದೂರ ಹೋಗಿರಬೇಕು, ಹಿಂದಿನಿಂದ ಹಾರನ್ ಶುರುವಾಯಿತು. ಕಂಡಕ್ಟರ್ ಬಗ್ಗಿ ನೋಡಿ ಹೇಳಿದ, "ಅಮ್ಮಾ, ನಿಮ್ಮನೆಯವ್ರು ಹಿಂದೆನೇ ಬರ್ತಿದಾರೆ. ಏನಾದ್ರೂ ಮರ್ತು ಬಂದ್ರಾ?"

"ಹೂಂ, ಅವರನ್ನೇ" ಅಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು.

ಮುಂದಿನ ಸ್ಟಾಪಿನಲ್ಲಿ ನಮ್ಮನೆಯವರು ಕಾರಿಳಿದು ನನ್ನ ಕಿಟಕಿಗೆ ಬಂದರು. "ಇಳಿ ಮಾರಾಯ್ತಿ, ಮರ್ಯಾದೆ ತೆಗೀಬೇಡ."

"ಟಿಕೆಟ್ ಆಗಿದೆ. ಇಳಿಯಲ್ಲ."

"ಸಂಜೆ ಬಸ್ಸು ಕೊರೊನಾದಲ್ಲಿ ನಿಂತಿದ್ದು ಮತ್ತೆ ಶುರುವೇ ಆಗಿಲ್ಲ, ಗೊತ್ತುಂಟಾ? ಆಗ ನೀನೇ ಫೋನ್ ಮಾಡ್ತೀಯ, ನೋಡು!"

ಅದು ನನಗೆ ಗೊತ್ತಿರಲಿಲ್ಲ. ಆದರೂ ಅಷ್ಟು ಜನರ ಮುಂದೆ ಸೋಲಲಿಕ್ಕಾಗುತ್ತದಾ? "ನೋಡಣ" ಅಂತ ಮುಖ ತಿರುಗಿಸಿದೆ. ಕಂಡಕ್ಟರ್ ರೈಟ್ ಅಂದ.

ಅಕ್ಕ ಬಾಗಿಲಲ್ಲಿ ನನ್ನನ್ನು ನೋಡಿ, ನನ್ನ ಹಿಂದಿನ ರಸ್ತೆಯನ್ನೂ ನೋಡಿದಳು. "ಅವರೆಲ್ಲಿ?"

"ಬಂದಿಲ್ಲ. ಬಸ್ಸಿಗೆ ಬಂದೆ."

ಅವಳು ನನ್ನನ್ನು ಒಳಗೆ ಕರೆದಳು. ಆಮೇಲೆ ಕಾಫಿಗೆ ನೀರಿಟ್ಟಳು. ಮಗ ಸೊಸೆ ಇಬ್ಬರೂ ಹೊರನಾಡಿನ ಅಂಗಡಿಗೆ ಹೋಗಿದ್ದರು, ಮನೆಯಲ್ಲಿ ಅವಳೊಬ್ಬಳೇ. ಕಾಫಿ ಕುಡಿದೆವು, ಸೊಪ್ಪು ಸೋಸಿದೆವು, ಉಂಡೆವು. ಹಿಂದಿನ ದಿನದ ಆ ಮಾತನ್ನು ಅವಳು ಎತ್ತಲಿಲ್ಲ. ನಾನೂ ಕೆದಕಲಿಲ್ಲ. ಊಟದ ತಟ್ಟೆ ತೊಳೆದು ಬಂದವಳು ನನ್ನೆದುರು ಕೂತು ಒಮ್ಮೆಲೇ ಶುರುಮಾಡಿದಳು.

"ನಂಗೆ ನಿನ್ನ ಮೇಲೆ ಸಿಟ್ಟಿದೆ. ಹೊಟ್ಟೆಯೊಳಗೆ ಇಟ್ಕೊಂಡು ಇಟ್ಕೊಂಡು ಸಾಕಾಗಿದೆ. ಸಾವಿನ ಮನೆಗೆ ಒಡಹುಟ್ಟಿದವ್ರು ಬಂದು ತಿಥಿ ಮುಗಿಯೋ ತನಕ ಮಗ್ಗುಲಲ್ಲಿ ಮಲಗ್ತಾರೆ. ನನ್ನ ಮಗ್ಗುಲಲ್ಲಿ ಯಾರಿದ್ರು? ಆವಾಗ ಪೊಲೀಸ್ರು ಬಿಡ್ಲಿಲ್ಲ, ಒಪ್ತೀನಿ. ಈಗ? ಈಗ ಎಲ್ರೂ ಕಾರಲ್ಲಿ ಬರ್ತೀರಿ, ಬಿಸ್ಕೆಟ್ ಪೊಟ್ಟಣ ಇಡ್ತೀರಿ, ಹೋಗ್ತೀರಿ. ಒಬ್ರಾದ್ರೂ ನನ್ನ ಹತ್ರ ಕೂತು ಅತ್ತಿದೀರಾ?"

"ಬೈಯಿ, ಇನ್ನೂ ಬೈಯಿ" ಅಂದೆ. ಬೈದಳು. ಬೈಯುತ್ತಾ ಬೈಯುತ್ತಾ ನನ್ನ ತೊಡೆಯ ಮೇಲೆ ತಲೆಯಿಟ್ಟು ಹೋ ಅಂತ ಅತ್ತಳು. ಭಾವ ಅವತ್ತೇ ಹೋದರೇನೋ ಅನ್ನುವ ಹಾಗೆ. ನಾನೂ ಅತ್ತೆ. ಯಾರೂ ಕೆಮ್ಮಲಿಲ್ಲ, ಯಾರೂ ಹೊರಡಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ನಮ್ಮನೆಯವರ ಫೋನು ಬಂತು. ಬೆಳಗಿನ ಜೋರು ದನಿಯಲ್ಲಿರಲಿಲ್ಲ. "ಬರ್ಲಾ? ರಸ್ತೆಯಲ್ಲೇ ನಿಲ್ಲಿಸ್ತೀನಿ, ಒಳಗೆ ಬರಲ್ಲ" ಅಂದರು.

"ಬೇಡ. ಅನ್ನಕ್ಕೆ ಇಟ್ಕೊಳ್ಳಿ, ಸಾರು ಇದೆ" ಅಂತ ಹೇಳಿ ಇಟ್ಟೆ.

ಅಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ಎದ್ದಳು. "ಸಂಜೆ ಬಸ್ಸಿಲ್ವಲ್ಲೇ. ನಾಳೆ ಹೋಗ್ತೀಯಾ?"

"ಇಲ್ಲ. ಅವತ್ತು ತಪ್ಪಿದ ತಿಥಿ ಈಗ ಮುಗಿಸ್ಕೊಂಡೇ ಹೋಗೋದು" ಅಂದೆ.