ಮುಖ ಒಪ್ಪುವ ಕೆಲಸ

ನನ್ನ ಮಾನಿಟರಿನ ಮೇಲೆ ಯಾವಾಗಲೂ ಅಕ್ಕನ ಅಂಗೈಯ ಜಿಡ್ಡಿನ ಗುರುತು ಇರುತ್ತಿತ್ತು. ಡಬ್ಬಿಯಿಂದ ಒಗ್ಗರಣೆ ಚುರಮರಿ ತಿನ್ನುತ್ತ ಬಂದು, ಪರದೆಯ ಮೇಲಿನ ಮುಖದ ಮೂಗು, ಬಾಯಿಯನ್ನು ಅದೇ ಕೈಯಿಂದ ಮುಚ್ಚಿ ಕಣ್ಣನ್ನಷ್ಟೇ ನೋಡುತ್ತಿದ್ದರು. ಒರೆಸಿ ಒರೆಸಿ ನನಗೆ ಸಾಕಾಗಿತ್ತು.

ಅಮೆರಿಕದ ಹಾಫ್‌ಮನ್ ಎಸ್ಟೇಟ್ಸ್‌ನ ಆನ್‌ಲೈನ್ ಬೆಟ್ಟಿಂಗ್ ಕಂಪನಿಯೊಂದರಲ್ಲಿ ಮೋಸ ಪತ್ತೆ ಮಾಡುವ ನಮ್ಮ ತಂಡಕ್ಕೆ ಅವರೇ ಮುಖ್ಯಸ್ಥೆ. ಹುಬ್ಬಳ್ಳಿಯವರು, ನಾನು ಅಕ್ಕಾ ಎನ್ನುತ್ತಿದ್ದೆ. ಹೊಸದಾಗಿ ಖಾತೆ ತೆರೆಯುವವರು ಫೋನಿನ ಮುಂದೆ ಮುಖ ಎಡಕ್ಕೆ ಬಲಕ್ಕೆ ತಿರುಗಿಸಿ ವಿಡಿಯೊ ಕಳಿಸಬೇಕು. ಅನುಮಾನ ಬಂದವನ್ನು ನೋಡಿ ಒಪ್ಪುವುದು, ಇಲ್ಲವೇ ತಳ್ಳಿಹಾಕುವುದು ನನ್ನ ಕೆಲಸ. "ಕಾಗದಾನೂ ಖರೇ ಇರ್ತದ, ಮನಷ್ಯಾನೂ ಖರೇ ಇರ್ತಾನ, ಆದ್ರೂ ಮೋಸ ಇರ್ತದ ನೋಡು," ಎನ್ನುತ್ತಿದ್ದರು. ಹೂಂ ಎಂದು ತಲೆಯಾಡಿಸುತ್ತಿದ್ದೆನೇ ಹೊರತು ನನಗೆ ಅರ್ಥವಾಗಿರಲಿಲ್ಲ.

ಒಂದು ಭಾನುವಾರ, ಫುಟ್‌ಬಾಲ್ ಪಂದ್ಯಕ್ಕೆ ಅರ್ಧ ಗಂಟೆ ಇರುವಾಗ, ಅವರು ನನ್ನ ಬೆನ್ನ ಹಿಂದೆ ಬಂದು ನಿಂತರು. ಪರದೆಯಲ್ಲಿ ನಾರ್ತ್‌ವಿಲ್‌ನ ಒಬ್ಬ ತಾಯಿ. ಎಪ್ಪತ್ತರ ಆಸುಪಾಸು, ಹಣೆಯಲ್ಲಿ ಕುಂಕುಮ. ಬೆಳಿಗ್ಗೆ ನಾನೇ ಒಪ್ಪಿದ್ದ ಖಾತೆ. ಚಟ ಬಿಡಲಾಗದವರು 'ನನ್ನನ್ನು ಆಡಲು ಬಿಡಬೇಡಿ' ಎಂದು ತಾವೇ ಹೆಸರು ಬರೆಸುವ ಪಟ್ಟಿಯೊಂದಿದೆ. ಅದೇ ಮನೆಯ ಮಗನ ಹೆಸರು ಆ ಪಟ್ಟಿಯಲ್ಲಿತ್ತು. ಸಿಸ್ಟಮ್ ಎಚ್ಚರಿಸಿಯೂ ಇತ್ತು. ನಮ್ಮ ಕಡೆಯ ಅಮ್ಮನ ಮೇಲೆ ಎಂಥ ಅನುಮಾನ ಎಂದು ನಾನು ದಾಟಿಸಿಬಿಟ್ಟಿದ್ದೆ.

ಅಕ್ಕನ ಅಂಗೈ ಪರದೆಯ ಮೇಲೆ ಬಂತು. "ಫೋನ್ ನೋಡಾಕತ್ತಿಲ್ಲ ಇವ್ರು. ಫೋನ್ ಹಿಡದಾಂವನ್ನ ನೋಡಾಕತ್ತಾರ."

ಪಂದ್ಯ ಶುರುವಾದರೆ ಮಗ ಅಮ್ಮನ ಹೆಸರಿನಲ್ಲಿ ಮತ್ತೆ ಮುಳುಗುತ್ತಿದ್ದ. ಬಾಗಿಲು ತೆಗೆದುಕೊಟ್ಟವನು ನಾನು. ಕಣ್ಣಿನ ನೋಟವೊಂದನ್ನೇ ನಂಬಿ ಖಾತೆ ಮುಚ್ಚುವ ಹಾಗಿರಲಿಲ್ಲ. ಅಕ್ಕ ಸ್ಪೀಕರಿನಲ್ಲಿ ಫೋನ್ ಹಚ್ಚಿದರು. ತಾಯಿಯೇ ಎತ್ತಿದರು.

"ಹೌದು, ನಾನೇ ತೆರೆದಿದ್ದು," ಎಂದರು, ಮೈಸೂರು ಕಡೆಯ ಮಾತು.

"ಯಾವ ಆಟಕ್ಕ ರೀ ಅಮ್ಮಾರ?"

ಆ ಕಡೆ ಟಿ.ವಿ. ಗದ್ದಲವಷ್ಟೇ ಕೇಳುತ್ತಿತ್ತು. ಪಂದ್ಯಕ್ಕೆ ಹನ್ನೊಂದು ನಿಮಿಷ. ನಾನೇ ಬಾಯಿ ಹಾಕಲು ಹೋದೆ. ಅಕ್ಕ ಕಣ್ಣಲ್ಲೇ ಗದರಿಸಿದರು.

ಕೊನೆಗೆ ತಾಯಿ ಪಿಸುಗುಟ್ಟಿದರು: "ಅವನಿಗೇನಾದ್ರೂ ತೊಂದ್ರೆ ಆಗುತ್ತಾ?"

"ಮುಚ್ಚಿದ್ರ ಏನೂ ಆಗೂದಿಲ್ರಿ."

"ಹಾಗಾದ್ರೆ ಮುಚ್ಚಿಬಿಡಿ. ನಾನು ಹೇಳ್ದೆ ಅಂತ ಮಾತ್ರ ಹೇಳ್ಬೇಡಿ."

ಅಕ್ಕ ಮುಚ್ಚಿದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಸಂಜೆಯೊಳಗೆ ಮರೆತುಬಿಡುತ್ತಿದ್ದೆ.

ಹೋದ ಚಳಿಗಾಲ ಅವರು ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಅವರ ಮನೆಯವರು, ನಾಲ್ಕು ಮಾತಾಡು ಎಂದರು. ನಾನು ಎದ್ದು ನಿಂತು, ಕೈಮುಗಿದು ಕೂತುಬಿಟ್ಟೆ. ಹೇಳಬೇಕೆಂದಿದ್ದದ್ದು ಆ ಭಾನುವಾರದ ಮುಂದಿನ ಸಂಗತಿ. ನಾನು ಹಿಂದೆ ಒಪ್ಪಿದ್ದ ಮುಖಗಳನ್ನೆಲ್ಲ ಮತ್ತೆ ತೆಗೆದು ನೋಡಿದ್ದೆ. ಒಬ್ಬ ಅಜ್ಜ ಫೋನನ್ನು ಬಿಟ್ಟು ಬೇರೆ ಯಾರನ್ನೋ ನೋಡುತ್ತಿದ್ದರು. ಹೆದರಿ ಅಕ್ಕನನ್ನು ಕರೆದೆ. ಅವರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, ಮೇಜಿನ ಫೋನನ್ನು ನನ್ನ ಕಡೆ ಸರಿಸಿದರು.

"ಒಪ್ಪಿದಾಂವ ನೀ," ಎಂದರು. "ನೀನ ಮಾತಾಡು. ನಾ ಇಲ್ಲೇ ಕುಂತಿರ್ತೀನಿ."