ಹನ್ನೊಂದು ಗಂಟೆಯ ಅತಿಥಿಗಳು

ಮೊನ್ನೆ ವಿಕ್ರೋಳಿಯ ನಮ್ಮ ಬಿಲ್ಡಿಂಗಿನಲ್ಲಿ ಮೇಲಿನ ಮನೆಯವರು ಸತ್ಯನಾರಾಯಣ ಪೂಜೆ ಇಟ್ಟುಕೊಂಡಿದ್ದರು. ತುಪ್ಪದಲ್ಲಿ ರವೆ ಹುರಿದ ವಾಸನೆ ಲಿಫ್ಟಿನೊಳಗೂ ತುಂಬಿತ್ತು. ಊಟಕ್ಕೆ ಕೂತಾಗ ನನ್ನ ಪಕ್ಕದಲ್ಲಿ ಕೆಳಗಿನ ಮನೆಯ ಸ್ನೇಹಾ ಇದ್ದಳು. ಮಂಗಳೂರಿನ ಕಡೆಯವರ ಮಗಳು, ಆಫೀಸಿಗೆ ಹೋಗುವ ಹುಡುಗಿ. ತೂಕ ಇಳಿಸಲು ಆಪರೇಷನ್ ಮಾಡಿಸಿಕೊಂಡು ಹೊಟ್ಟೆಯನ್ನೇ ಸಣ್ಣದಾಗಿಸಿಕೊಂಡಿದ್ದಾಳೆ ಎನ್ನುವುದು ಇಡೀ ಬಿಲ್ಡಿಂಗಿಗೆ ಗೊತ್ತು. ಅವಳ ತಟ್ಟೆಯಲ್ಲಿ ಎರಡು ಚಮಚ ಅನ್ನ, ಇಷ್ಟೇ ಇಷ್ಟು ಪಲ್ಯ. ಬಡಿಸಲು ಬಂದ ಯಜಮಾನಿ, "ಪ್ರಸಾದಕ್ಕೆ ಬೇಡ ಅನ್ನಬಾರದು" ಎಂದು ಅಂಗೈಯಗಲ ಶಿರಾ ಹಾಕಿಯೇಬಿಟ್ಟಳು. ಎದುರು ಸಾಲಿನಲ್ಲಿದ್ದ ಮಹಾಶಯರೊಬ್ಬರು, "ಬಾಯಿ ಕಟ್ಟಿದ್ದರೆ ಸಾಕಿತ್ತು, ಹೊಟ್ಟೆ ಯಾಕೆ ಕೊಯ್ಸಬೇಕಿತ್ತು?" ಎಂದರು. ಎಲ್ಲರೂ ನಕ್ಕರು. ಸ್ನೇಹಾ ಕೂಡ ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

ಸಿಟ್ಟು ನನಗೆ ಹೊಸದಲ್ಲ. "ಅವ್ವಾ, ನಿನಗ ಬೀಪಿ ಬಂದಿಲ್ಲ, ಬೀಪಿಗೇ ನೀ ಬಂದೀ" ಎಂದು ನನ್ನ ಮಗ ಚೇಷ್ಟೆ ಮಾಡುತ್ತಾನೆ. ಮಾಡಲಿ. ಆದರೆ ಇನ್ನೊಬ್ಬರ ಹೊಟ್ಟೆಯ ವಿಚಾರಕ್ಕೆ ಜನ ತಲೆ ಹಾಕಿದಾಗ ನನಗೆ ಬರುವ ಸಿಟ್ಟು ಬೇರೆ ಜಾತಿಯದು. ಅದು ಘಾಟ್ಕೋಪರಿನ ಚಾಳಿನಲ್ಲಿ, ನಾನು ಹೊಸ ಮದುಮಗಳಾಗಿ ವಿಜಾಪುರದಿಂದ ಬಂದ ಕಾಲಕ್ಕೆ ಹುಟ್ಟಿದ್ದು. ಗಾಂಧಿ ಹೋಗಿ ಕೆಲವೇ ವರ್ಷಗಳಾಗಿದ್ದ ಕಾಲ ಅದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ ಮಾಡಿದವರು ಗಂಡಸರೇ ಇರಬೇಕು. ನಮ್ಮ ಮನೆಯಲ್ಲಿ ಹೆಂಗಸರ ಊಟವೂ ಪರರಿಚ್ಛೆಯೇ ಆಗಿತ್ತು.

ನಮ್ಮದು ಎರಡು ಖೋಲಿ, ಎಂದರೆ ಎರಡು ಕೋಣೆಯ ಸಂಸಾರ. ಅತ್ತೆ, ಭಾವನವರು, ಅವರ ಹೆಂಡತಿ ಗೋದಕ್ಕ, ನಾನು, ನನ್ನ ಗಂಡ. ಗಂಡನ ಅಣ್ಣನ ಹೆಂಡತಿಗೆ ನಮ್ಮ ಕಡೆ ನೆಗೆಣ್ಣಿ ಅನ್ನುತ್ತಾರೆ. ನೆಗೆಣ್ಣಿಯರೆಂದರೆ ಜಗಳಕ್ಕೆ ಹುಟ್ಟಿದವರು ಅಂತಲೇ ಲೋಕದ ನಂಬಿಕೆ. ನನ್ನನ್ನು ಬಂದ ದಿನವೇ ಕೈಹಿಡಿದು ಒಳಗೆ ಕರೆದೊಯ್ದು, "ಹೆದರಬ್ಯಾಡವಾ, ಇಲ್ಲೆ ಎಲ್ಲಾರೂ ಬೈತಾರ, ಯಾರೂ ಕಡಿಯೂದಿಲ್ಲ" ಎಂದು ನಗಿಸಿದವಳು ಗೋದಕ್ಕ.

ಗೋದಕ್ಕ ದಪ್ಪನೆಯ ಹೆಂಗಸು. ಚಾಳಿನ ಕಟ್ಟಿಗೆಯ ಮೆಟ್ಟಿಲು ಹತ್ತುವಾಗ ನನ್ನ ಗಂಡ, "ವೈನಿ, ಸಾವಕಾಶ, ಮೆಟ್ಟಲಾ ನಮ್ಮದಲ್ಲ, ಮಾಲೀಕಂದು" ಅನ್ನುತ್ತಿದ್ದರು. ದಪ್ಪಗಿರುವವರೆಲ್ಲ ತಿಂದೇ ದಪ್ಪಗಾದವರು ಎಂಬುದು ಜಗತ್ತು ಕೊಟ್ಟ ತೀರ್ಪು. ಅದಕ್ಕೆ ಅಪೀಲೇ ಇಲ್ಲ. ಪಾತ್ರೆಯ ತಳದಲ್ಲಿ ಉಳಿದದ್ದನ್ನು ಕೊನೆಗೆ ಗೋರಿಕೊಂಡು ಉಣ್ಣುವವಳು ಹೇಗೆ ತಿಂದು ದಪ್ಪಗಾದಾಳು ಎಂದು ಯಾರೂ ಕೇಳಲಿಲ್ಲ. ಅವಳಿಗೆ ಹೊಟ್ಟೆನೋವು ಶುರುವಾದಾಗ ಅತ್ತೆ ಓಂಕಾಳು ಅಗಿಯಲು ಕೊಟ್ಟು, "ಹೆಚ್ಚಾಗ್ಯದ, ಇವತ್ತ ಲಂಘನ ಮಾಡು" ಅಂದರು. ಹೀಗೆ ಉಪವಾಸ ಬಿದ್ದು ಬಿದ್ದು ಒಂದು ದಿನ ಮೋರಿಯ ಹತ್ತಿರ ರಕ್ತ ಕಾರಿದಳು. ಆಸ್ಪತ್ರೆಯಲ್ಲಿ ಹೊಟ್ಟೆಯೊಳಗೆ ಹುಣ್ಣು ಎಂದರು. ಆ ಕಾಲಕ್ಕೆ ಅದಕ್ಕಿದ್ದ ಔಷಧವೆಂದರೆ ಕತ್ತರಿ. ಹೊಟ್ಟೆಯ ಮುಕ್ಕಾಲು ಭಾಗವನ್ನು ತೆಗೆದುಹಾಕಿದರು.

ಮನೆಗೆ ಬಂದ ಗೋದಕ್ಕ ತಿಂಗಳುಗಳಲ್ಲಿ ಕರಗಿಹೋದಳು. ಕುಪ್ಪಸಗಳು ಜೋಳಿಗೆಯಾದವು. ದಪ್ಪಗಿದ್ದಾಗ ನಗುತ್ತಿದ್ದವರೇ ಈಗ ಅತ್ತೆಯ ಕಿವಿಯಲ್ಲಿ, "ಸೊಸಿಗೆ ಹೊಟ್ಟಿಗೆ ಹಾಕೂದಿಲ್ಲೇನ್ರಿ?" ಎಂದು ಪಿಸುಗುಟ್ಟತೊಡಗಿದರು. ನೋಡಿ ಇವರ ನ್ಯಾಯ! ತಿಂದರೂ ತಪ್ಪು, ತಿನ್ನದಿದ್ದರೂ ತಪ್ಪು.

ಡಾಕ್ಟರು ಏನೋ ಹೇಳಿದ್ದರು. ಹೇಳಿದ್ದು ಆಸ್ಪತ್ರೆಯ ಮೊಗಸಾಲೆಯಲ್ಲಿ, ಭಾವನವರಿಗೆ, ಇಂಗ್ಲಿಷಿನಲ್ಲಿ. ಹೊಟ್ಟೆ ಯಾರದೋ, ಮಾತು ಯಾರ ಕೂಡವೋ! ಭಾವನವರು ಮನೆಗೆ ಬಂದು, "ಸ್ವಲ್ಪ ಸ್ವಲ್ಪ ಉಣ್ಣಬೇಕಂತ" ಎಂದು ಅದನ್ನು ಮುಗಿಸಿದರು. ಎರಡೆರಡು ತಾಸಿಗೊಮ್ಮೆ ಒಂದು ಹಿಡಿ ತಿನ್ನಲೇಬೇಕು, ಒಮ್ಮೆಲೇ ಹೆಚ್ಚು ತಿನ್ನಬಾರದು, ಸಿಹಿ ಬೇಡ ಎನ್ನುವುದೆಲ್ಲ ಗೋದಕ್ಕನಿಗೆ ತಿಳಿದದ್ದು ಆಸ್ಪತ್ರೆಯಲ್ಲಿ ಪಕ್ಕದ ಮಂಚದಲ್ಲಿದ್ದ ಸುಮತಿಬಾಯಿಯಿಂದ. ಆಕೆಯದೂ ಅದೇ ಆಪರೇಷನ್. ಬೆಳಗಾವಿ ಕಡೆಯವಳು, ಮನೆ ಬಾಂದ್ರಾದಲ್ಲಿ.

ಎರಡು ತಾಸಿಗೊಮ್ಮೆ ತಿನ್ನುವುದೆಂದರೆ ನಮ್ಮ ಮನೆಯಲ್ಲಿ ಹುಡುಗಾಟವಲ್ಲ. ಮೊದಲು ದೇವರ ನೈವೇದ್ಯ, ಆಮೇಲೆ ಗಂಡಸರು, ಆಮೇಲೆ ಬಂದುಹೋದವರು, ಎಲ್ಲ ಮುಗಿದು ಎರಡು ಗಂಟೆಗೆ ಹೆಂಗಸರು. ಅತ್ತೆ ಮಡಿ ಹೆಂಗಸು. ಗಂಡ ಹೋದ ಮೇಲೆ ತಲೆ ಬೋಳಿಸಿಕೊಂಡು ಒಪ್ಪತ್ತಿನ ಊಟದಲ್ಲಿ ಇದ್ದವರು. ಗೋದಕ್ಕ ಬೆಳಿಗ್ಗೆ ಹತ್ತಕ್ಕೆ ಒಂದು ತುತ್ತು ಕೇಳಿದರೆ, "ದೇವರು ಉಂಡಿಲ್ಲ, ದುಡಿಯೋ ಗಂಡಸರು ಉಂಡಿಲ್ಲ, ನೀ ಹ್ಯಾಂಗ ಉಣ್ತೀ? ನಾ ಒಪ್ಪತ್ತಿನಾಗ ಇಲ್ಲೇನು? ಸತ್ತೇನೇನು?" ಅನ್ನುತ್ತಿದ್ದರು. ಹಾಗಂತ ಅವರು ಕೊಡುವ ಕೈ ಬಿಗಿಹಿಡಿದವರಲ್ಲ. ಮನೆತನದ ಹೆಸರು ಕೆಡಬಾರದಲ್ಲ! ಎರಡು ಗಂಟೆಗೆ ಅವಳ ಮುಂದೆ ಗುಡ್ಡದಂತೆ ಅನ್ನ, ಮೇಲೆ ಧಾರಾಳ ತುಪ್ಪ, ಬದಿಗೆ ಬೆಲ್ಲ. "ಉಣ್ಣು, ಮೈಗೆ ಹತ್ತಲಿ." ಬೆಳಗಿನಿಂದ ಹಸಿದವಳು ನಾಲ್ಕು ತುತ್ತು ಹೆಚ್ಚಿಗೆ ನುಂಗಿದರೆ ಸಾಕು, ಎದೆ ಡವಡವ, ಮೈಯೆಲ್ಲ ಬೆವರು, ಗೋಡೆ ಹಿಡಿದು ಹೋಗಿ ಮಲಗಿಬಿಡುತ್ತಿದ್ದಳು. "ಉಂಡ ಕೂಡ್ಲೆ ಮಲಗೂ ಚಟಾ ನೋಡು" ಎಂಬ ಮಾತು ಬೇರೆ.

"ಬೆಕ್ಕಿನ ಹೊಟ್ಟಿ ಆಗ್ಯದ ನಂದು" ಎಂದಳು ಒಮ್ಮೆ ನನ್ನ ಹತ್ತಿರ. "ಆದ್ರ ಬೆಕ್ಕಿಗೆ ಬೆಳಗಾದ ಕೂಡ್ಲೆ ಹಾಲು ಹಾಕ್ತಾರಲ್ಲ, ಅದರ ದೈವ ನನಗಿಲ್ಲ." ನಕ್ಕಳು. ಅಂದಿನಿಂದ, ನೋವಿರುವವರು ನಕ್ಕರೆ ನನಗೆ ನಗು ಬರುವುದಿಲ್ಲ.

ಗೋದಕ್ಕ ಹೀಗೆ ದಿನದಿನಕ್ಕೆ ಇಳಿಯುತ್ತಿದ್ದಾಗ ಒಂದು ಬೆಳಿಗ್ಗೆ ಸುಮತಿಬಾಯಿ ಬಾಂದ್ರಾದಿಂದ ಲೋಕಲ್ ಹಿಡಿದು, ದಾದರಿನಲ್ಲಿ ಬದಲಿಸಿ, ನಮ್ಮ ಮನೆಗೆ ಬಂದಳು. ಗೋದಕ್ಕನನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟಳು. ಆಮೇಲೆ ಒಳಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅತ್ತೆಗೆ ಕೇಳುವಂತೆ, "ಹನ್ನೊಂದು ಆತು, ನನಗ ತಿನ್ನೂ ವ್ಯಾಳ್ಯಾ. ಡಬ್ಬಿ ತಂದೇನಿ" ಎಂದಳು.

ಅತ್ತೆಯ ಮುಖ ನೋಡಬೇಕಿತ್ತು. ಮನೆಗೆ ಬಂದ ಅತಿಥಿ ತನ್ನ ಡಬ್ಬಿ ಬಿಚ್ಚಿ ತಿನ್ನುವುದೇ? "ಛೇ ಛೇ, ಹಂಗ್ಯಾಕ್ರಿ, ನಾವು ಸತ್ತೇವೇನು?" ಎಂದು ಲಗುಬಗೆಯಿಂದ ದೇವರ ಮುಂದೆ ನೈವೇದ್ಯ ತೋರಿಸಿ ಬಾಳೆಲೆ ಹಾಕಿದರು. ಸುಮತಿಬಾಯಿ ಎಲೆಯ ಮುಂದೆ ಕೂತಳು. ತುತ್ತು ಎತ್ತಲಿಲ್ಲ.

"ಒಬ್ಬಾಕಿನ ಹ್ಯಾಂಗ ಉಣ್ಲಿ? ಜೋಡಿಗೆ ಯಾರರ ಕೂಡಬೇಕಲ್ರಿ."

ಅತಿಥಿಯನ್ನು ಒಂಟಿಯಾಗಿ ಉಣ್ಣಲು ಬಿಡುವುದು ನಮ್ಮ ಕಡೆ ಮಹಾ ಅವಮಾನ. ಅತ್ತೆ ಒಪ್ಪತ್ತಿನವರು, ಕೂಡುವ ಹಾಗಿಲ್ಲ. ನನ್ನ ಕಡೆ ನೋಡಿದರು. ನಾನು ಕೊಡ ಎತ್ತಿಕೊಂಡು ನಳದ ಕಡೆ ಹೊರಟುಬಿಟ್ಟೆ. ಉಳಿದವಳು ಗೋದಕ್ಕ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಹೊತ್ತಿಗೆ ಸರಿಯಾಗಿ ಹಿಡಿ ಅನ್ನ ಉಂಡು ಗಟ್ಟಿಯಾಗಿ ಎದ್ದು ನಿಂತದ್ದು ಅಂದೇ ಮೊದಲು.

ಸುಮತಿಬಾಯಿ ಹೋಗುವಾಗ ಗ್ಯಾಲರಿಯಲ್ಲಿ ಪಕ್ಕದ ಖೋಲಿಯ ಗಿರಿಜಕ್ಕನ ಹತ್ತಿರ ನಿಂತು ಬಹಳ ಹೊತ್ತು ಮಾತಾಡಿದಳು. ಗಿರಿಜಕ್ಕ ಉಡುಪಿ ಕಡೆಯವಳು, ಗಂಡ ಹೋಟೆಲಿನಲ್ಲಿ ದೋಸೆ ಹುಯ್ಯುತ್ತಿದ್ದ. ಮರುದಿನ ಹನ್ನೊಂದಕ್ಕೆ ಗಿರಿಜಕ್ಕ ನಮ್ಮ ಹೊಸ್ತಿಲಲ್ಲಿ ಹಾಜರು. "ಎಂತ ಅಡಿಗೆ ಮಾರಾಯ್ರೆ? ಘಮ ನಮ್ಮಲ್ಲಿವರೆಗೆ ಬಂತು. ನಂಗೆ ಒಂದು ಮುಷ್ಟಿ ಸಾಕು. ಗೋದಕ್ಕ, ನೀವೂ ಬನ್ನಿ, ಒಬ್ಳೇ ತಿನ್ಲಿಕ್ಕೆ ನಾಚಿಗೆ ಆಗ್ತದೆ." ಅದರ ಮರುದಿನ ಮೂಲೆಮನೆಯ ಮರಾಠಿ ಬಾಯಿ. ಆಮೇಲೆ ಕೆಳಗಿನ ಗುಜರಾತಿ ಮುದುಕಿ. ಚಾಳಿನ ಹೆಂಗಸರು ಪಾಳಿ ಹಾಕಿಕೊಂಡುಬಿಟ್ಟರು. ಕೆಲವರು ತಮ್ಮ ಮನೆಯಿಂದಲೇ ತಟ್ಟೆ ತಂದು ಅತಿಥಿಗಳಾಗುತ್ತಿದ್ದರು. ನಾಲ್ಕು ಗಂಟೆಗೆ ಗೋದಕ್ಕನೇ ಅವರಲ್ಲಿಗೆ ಅತಿಥಿಯಾಗಿ ಹೋಗುತ್ತಿದ್ದಳು. ಸುಮತಿಬಾಯಿಯಂತೂ ತಿಂಗಳಿಗೊಮ್ಮೆ ಬಂದೇ ಬರುತ್ತಿದ್ದಳು. ಇಬ್ಬರೂ ಮೂಲೆಯಲ್ಲಿ ಕೂತು ಯಾವುದು ಜೀರ್ಣವಾಯಿತು, ಯಾವುದಕ್ಕೆ ತಲೆ ತಿರುಗಿತು ಎಂದು ಮಾತಾಡುವುದನ್ನು ಕೇಳಿದರೆ ಹೆಣ್ಣುಮಕ್ಕಳ ಮದುವೆಯ ಮಾತುಕತೆಯಷ್ಟು ಗಂಭೀರ. ಗೋದಕ್ಕನ ಕೆನ್ನೆಗೆ ಬಣ್ಣ ಬಂತು. ಅತ್ತೆಗೆ ಎಲ್ಲ ತಿಳಿದೇ ಇತ್ತು. ಆದರೆ ಅತಿಥಿಗೆ ಇಲ್ಲ ಅನ್ನುವುದು ಅವರ ನಾಲಿಗೆಯಲ್ಲೇ ಇರಲಿಲ್ಲ.

ಹೀಗೇ ನಡೆಯುತ್ತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾವನವರ ಶ್ರಾದ್ಧ ಬಂತು.

ಶ್ರಾದ್ಧದ ದಿನ ಹೊರಗಿನವರು ಯಾರೂ ಬರುವಂತಿಲ್ಲ. ಬ್ರಾಹ್ಮಣರ ಊಟವಾಗುವ ತನಕ ಮನೆಯವರು ನೀರೂ ಮುಟ್ಟುವಂತಿಲ್ಲ. ನಸುಕಿನಲ್ಲೇ ಅತ್ತೆ ಮತ್ತು ಗೋದಕ್ಕ ತಣ್ಣೀರು ಹೊಯ್ದುಕೊಂಡು ಒದ್ದೆ ಸೀರೆಯಲ್ಲಿ ಒಲೆಯ ಮುಂದೆ ಕೂತರು. ನಾನು ಮಡಿಯಲ್ಲಿರಲಿಲ್ಲ, ಹೊರಗಿನ ಕೆಲಸ ನನ್ನದು. ಮಾಟುಂಗಾದಿಂದ ಬರಬೇಕಾದ ಬ್ರಾಹ್ಮಣರು ಬರುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಗೋದಕ್ಕನ ತುಟಿ ಬೆಳ್ಳಗಾಗಿತ್ತು. ವಡೆ ತಟ್ಟುತ್ತ ತಟ್ಟುತ್ತ ಗೋಡೆಗೆ ಒರಗುತ್ತಿದ್ದಳು. ನಾನು ಅತ್ತೆಗೆ ಸನ್ನೆ ಮಾಡಿದೆ. ಅವರು ತಲೆ ಅಲ್ಲಾಡಿಸಿದರು. ಮಂತ್ರ ಶುರುವಾಯಿತು. ಗೋದಕ್ಕ ಕೂತಲ್ಲೇ ಪಕ್ಕಕ್ಕೆ ಉರುಳಿದಳು. ಸ್ವಲ್ಪದರಲ್ಲಿ ಸೆರಗು ಒಲೆಗೆ ಬೀಳುತ್ತಿತ್ತು.

ಭಾವನವರು ಹೊಸ್ತಿಲ ತನಕ ಬಂದರು. ಹೆಂಡತಿ ನೆಲದ ಮೇಲೆ ಬಿದ್ದಿದ್ದಾಳೆ, ಕಣ್ಣು ಮೇಲಾಗಿವೆ. ಆ ಮನುಷ್ಯ ಅಂದದ್ದು ಇದು: "ಇನ್ನೊಂದು ತಾಸು ಹ್ಯಾಂಗರ ತಡಕೋ ಅನ್ರಿ. ಅಪ್ಪಾಂದು ಪಿಂಡ ಆಗಿಬಿಡ್ಲಿ."

ಮದುವೆಯಾದಂದಿನಿಂದ ನಾನು ಭಾವನವರ ಮುಂದೆ ಬಾಯಿ ಬಿಟ್ಟವಳಲ್ಲ. ಅಂದು ಬಿಟ್ಟೆ.

"ಸತ್ತವರು ತಡೀತಾರ್ರೀ! ಅವರಿಗೇನು ಅವಸರದ? ಬದುಕಿದ್ದಾಕಿಗೆ ತಡ್ಯೂದಾಗವಲ್ದು, ಕಾಣಸೂದಿಲ್ಲೇನ್ರಿ ನಿಮಗ?"

ಹಾಗೆಂದವಳೇ ಮೈಲಿಗೆಯ ಸೀರೆಯಲ್ಲೇ ಅಡಿಗೆಮನೆಗೆ ನುಗ್ಗಿ, ಅನ್ನದ ಪಾತ್ರೆಗೆ ಕೈ ಹಾಕಿ, ಗೋದಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹಾಲಿನಲ್ಲಿ ಕಿವುಚಿದ ಅನ್ನವನ್ನು ಚೂರು ಚೂರೇ ಬಾಯಿಗಿಟ್ಟೆ. ಹೊರಗೆ ಮಂತ್ರ ನಿಂತುಹೋಯಿತು. ಗೋದಕ್ಕ ಕಣ್ಣು ಬಿಟ್ಟಳು. ನನ್ನನ್ನು ನೋಡಿ, "ಹುಚ್ಚೀ, ಎಲ್ಲಾ ಮುಟ್ಟಿಬಿಟ್ಟಿ" ಅಂದಳು.

ಎಲ್ಲ ಅಡಿಗೆಯೂ ಮೈಲಿಗೆಯಾಯಿತು. ಅತ್ತೆ ಮತ್ತೆ ತಲೆಯ ಮೇಲೆ ನೀರು ಹೊಯ್ದುಕೊಂಡು ಬಂದು, ಒಲೆ ಸಾರಿಸಿ, ಮೊದಲಿನಿಂದ ಎಲ್ಲವನ್ನೂ ಒಬ್ಬರೇ ಮಾಡಿದರು. ಶ್ರಾದ್ಧ ಮುಗಿದಾಗ ಹೊತ್ತು ಮುಳುಗುವುದರಲ್ಲಿತ್ತು. ಆಮೇಲೆ ಎಷ್ಟೋ ತಿಂಗಳು ಅವರು ನನ್ನೊಂದಿಗೆ ಮಾತಾಡಲಿಲ್ಲ. ಏನಾದರೂ ಬೇಕಾದರೆ ಗೋಡೆಗೆ ಹೇಳುತ್ತಿದ್ದರು. ನಾನೂ ಗೋಡೆಗೇ ಉತ್ತರ ಕೊಡುತ್ತಿದ್ದೆ.

ಮರುವರ್ಷ ಶ್ರಾದ್ಧದ ಬೆಳಿಗ್ಗೆ ಗೋದಕ್ಕ ಸ್ನಾನಕ್ಕೆ ಹೊರಟಾಗ ಅತ್ತೆ ತಡೆದರು. "ನೀ ಇವತ್ತ ಗಿರಿಜಾನ ಮನ್ಯಾಗಿರು. ಅಲ್ಲೆ ಹೊತ್ತಿಗೆ ಸರಿಯಾಗಿ ತಿನ್ನು. ಪಿಂಡ ಆದಮ್ಯಾಲ ಬಾ." ಎಲ್ಲ ಅಡಿಗೆಯನ್ನೂ ತಾವೊಬ್ಬರೇ ಮಾಡಿದರು. ನನಗೆ ಸಮಾಧಾನವಾಗಲಿಲ್ಲ, ಸಿಟ್ಟೇ ಬಂತು. ಈ ಬುದ್ಧಿ ಒಂದು ವರ್ಷ ಮೊದಲೇ ಬರಬಾರದಿತ್ತೇ? ಗೋದಕ್ಕ ಆ ಸಣ್ಣ ಹೊಟ್ಟೆಯಲ್ಲೇ ಮೊಮ್ಮಕ್ಕಳನ್ನು ಕಾಣುವ ತನಕ ಬದುಕಿದಳು. ಅತ್ತೆ ಅವಳಿಗಿಂತ ಎಷ್ಟೋ ಮೊದಲೇ ಹೋದರು. ಹೋದ ಮೇಲೂ ನಾನು ಅವರನ್ನು ಬೈಯುವುದು ಬಿಡಲಿಲ್ಲ.

ಪೂಜೆಯ ಮರುದಿನ ಸ್ನೇಹಾಳನ್ನು ಮನೆಗೆ ಕರೆದು ಇದನ್ನೆಲ್ಲ ಹೇಳಿದೆ. ಆ ಶಿರಾ ತಿಂದು ರಾತ್ರಿಯೆಲ್ಲ ಒದ್ದಾಡಿದಳಂತೆ, ಪಾಪ. ಅವಳಂಥ ಆಪರೇಷನ್ ಆದವರು ತಿಂಗಳಿಗೊಮ್ಮೆ ಬಾಂದ್ರಾದಲ್ಲಿ ಸೇರುತ್ತಾರಂತೆ. "ಅಲ್ಲಿ ಯಾರೂ ಹಸೋದಿಲ್ಲ ಅಜ್ಜಿ, ಮತ್ಲಬ್, ಯಾರೂ ನಗೋದಿಲ್ಲ" ಎಂದಳು. ಅವಳ ಕನ್ನಡ ಹಾಗೆ, ಒಂದು ಕಾಲು ಹಿಂದಿಯಲ್ಲಿ. ಕಣ್ಣು ಮಿಟುಕಿಸದೆ ನನ್ನ ಕಥೆ ಕೇಳಿದಳು. ಭಾವನವರ ಮಾತು ಬಂದಾಗ ಬೈದಳು ಕೂಡ. ಕೊನೆಗೆ ಕೇಳಿದಳು:

"ಆ ಅತ್ತೆ ಎಷ್ಟು ಗಂಟೆಗೆ ತಿಂತಿದ್ರು ಅಜ್ಜಿ? ಅವರ ಜೊತೆ ಕೌನ್... ಯಾರು ಕೂತ್ಕೋತಿದ್ರು?"

"ಎಲ್ಲಾರದೂ ಆದಮ್ಯಾಲ" ಎಂದೆ.

ಯಾರೂ ಕೂಡುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಚಾಳಿನ ಅರ್ಧ ಹೆಂಗಸರು ನಮ್ಮ ಮನೆಯಲ್ಲಿ ನಗುತ್ತ ಉಣ್ಣುವಾಗ, ಬೋಳುತಲೆಯ ಮೇಲೆ ಕೆಂಪು ಸೆರಗು ಎಳೆದುಕೊಂಡು ಸೌಟು ಹಿಡಿದು ನಿಂತು ಬಡಿಸುತ್ತಿದ್ದವರು ಅವರು. ಒಂದು ದಿನಕ್ಕೆ ಒಂದೇ ಊಟದವರು, ಅದೂ ಎಲ್ಲರದೂ ಮುಗಿದ ಮೇಲೆ. ನಾನು ಕೈ ಹಾಕಿ ಕೆಡಿಸಿದ ಅಡಿಗೆಯನ್ನು ನೀರೂ ಕುಡಿಯದೆ ಮತ್ತೆ ಮಾಡಿದವರು. "ಸತ್ತೇನೇನು?" ಎಂದು ಕೇಳುತ್ತಿದ್ದರಲ್ಲ, ಅದಕ್ಕೆ ನಮ್ಮಲ್ಲಿ ಒಬ್ಬರಾದರೂ, ಇಲ್ಲ ಅತ್ಯಾರ, ಸತ್ತಿಲ್ಲ, ಹಸದೀರಿ, ಬರ್ರಿ ಕೂಡ್ರಿ ಎಂದಿದ್ದರೆ?

ಸ್ನೇಹಾ ಎದ್ದು ಹೋದಳು. ಸಿಟ್ಟು ಇಳಿದಿರಲಿಲ್ಲ. ನನ್ನ ಸಿಟ್ಟು ಇಳಿಯುವಂಥದ್ದಲ್ಲ, ಮಗನನ್ನು ಕೇಳಿ. ಆದರೆ ಇಷ್ಟು ವರ್ಷ ಅತ್ತೆಯ ಮೇಲಿದ್ದ ಸಿಟ್ಟು ಅಂದು ಮೊದಲ ಸಲ ಅತ್ತೆಯ ಪರವಾಗಿ ಬಂತು.